ಟೋಕನ್ ಕೂಗುವವನಿಗೆ ಇಡೀ ರೋಗಿ ಯಾಕೆ

ಮೊದಲೇ ಹೇಳಿಬಿಡುತ್ತೇನೆ. ಕಾಪುವಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ, ಜನ ತುಂಬಿದ ವೇಟಿಂಗ್ ರೂಮಿನಲ್ಲಿ, ಇನ್ನಂಜೆಯ ಒಬ್ಬ ಹಿರಿಯರ ಹೆಸರು ಕರೆದು ಅದರ ಹಿಂದೆಯೇ ‘ಮಾತು ಜಾಸ್ತಿ’ ಎಂದು ಸ್ಪೀಕರಿನಲ್ಲಿ ಕೂಗಿಸಿದವನು ನಾನು. ಆ ಹೊತ್ತಿಗೆ ನಾನು ಮಣಿಪಾಲದ ಆಫೀಸಿನಲ್ಲಿ ಬನ್ಸ್ ತಿನ್ನುತ್ತ ಕುಳಿತಿದ್ದೆ. ಕೂಗಿದ್ದು ನಾನು ಬರೆದ ಪ್ರೋಗ್ರಾಮು. ಅದು ಕೂಗಿದ್ದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವ ಹೆಂಗಸಿನ ದನಿಯಲ್ಲಿ. ಆ ದನಿಯನ್ನು ಅಣಕಿಸಿ ಕಂಪ್ಯೂಟರಿಗೆ ಕಲಿಸಿದವನೂ ನಾನೇ. ಒಂದು ತಪ್ಪು ಮಾಡಲಿಕ್ಕೆ ಇಷ್ಟು ಶ್ರಮಪಟ್ಟವರು ನಮ್ಮ ಕಂಪೆನಿಯಲ್ಲಿ ಇನ್ನೊಬ್ಬರಿಲ್ಲ.

ಅಣಕಿಸುವುದು ನನ್ನ ಚಟ. ಹಿರಿಯಡ್ಕದಲ್ಲಿ ಬಸ್ಸು ಹತ್ತಿದರೆ ಇಳಿಯುವುದರೊಳಗೆ ಕಂಡಕ್ಟರನ ದನಿ ನನ್ನ ಗಂಟಲಿಗೆ ಬಂದಿರುತ್ತದೆ. ನಮ್ಮ ಟೀಮ್ ಲೀಡ್ ಕುಕ್ಕುಂದೂರಿನವರು, ನನಗಿಂತ ಹಿರಿಯರು, ನಾನು ಅಕ್ಕ ಎನ್ನುತ್ತೇನೆ. ಅವರು ಫೋನಿನಲ್ಲಿ ‘ಆಗ್ತದೆ, ಆಗ್ತದೆ, ನೋಡುವ’ ಎಂದು ಗಿರಾಕಿಗಳನ್ನು ಸಮಾಧಾನ ಮಾಡುವುದನ್ನು ನಾನು ಹೇಳಿದರೆ ಗಿರಾಕಿಗಳೇ ನಂಬುತ್ತಾರೆ. ನನ್ನನ್ನೂ ನಾನು ಬಿಟ್ಟವನಲ್ಲ. ತಪ್ಪು ಸಿಕ್ಕಿದಾಗ ಮುಖ ಊದಿಸಿಕೊಂಡು ‘ನನ್ನ ಕಂಪ್ಯೂಟರಿನಲ್ಲಿ ಸರಿ ಉಂಟಲ್ಲ’ ಎನ್ನುವ ಒಬ್ಬ ಹುಡುಗನಿದ್ದಾನೆ. ಅವನ ಅಣಕು ನನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ, ಏಕೆಂದರೆ ಅವನು ನಾನೇ.

ಕ್ಲಿನಿಕ್ಕಿನ ಕೆಲಸ ದೊಡ್ಡದೇನಲ್ಲ. ಅಲ್ಲಿ ಕೌಂಟರಿನಲ್ಲಿ ಕೂರುವವರು ಕೊಂಕಣಿ ಮನೆಮಾತಿನವರು, ಐವತ್ತು ದಾಟಿದವರು. ನರ್ಸ್ ಅಲ್ಲ, ಆದರೂ ಊರಿಗೆಲ್ಲ ಸಿಸ್ಟರ್. ಟೋಕನ್ ಕೊಡುವುದು, ಫೈಲು ಹುಡುಕುವುದು, ಹೆಸರು ಕರೆಯುವುದು, ಡಾಕ್ಟರಿಗೆ ಇನ್ನೊಂದು ಕೈ ಬೇಕಾದಾಗ ಒಳಗೆ ಓಡುವುದು, ಎಲ್ಲ ಅವರೇ. ಅವರು ಒಳಗೆ ಹೋದಾಗ ಹೊರಗೆ ಕರೆಯಲು ಜನ ಇರುತ್ತಿರಲಿಲ್ಲ. ಆ ಕರೆಯುವ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸಿಕೊಡಿ ಎಂದು ಡಾಕ್ಟರು ನಮ್ಮನ್ನು ಕೇಳಿದರು.

ಒಂದು ವಿಷಯ ಇಲ್ಲಿ ತಿಳಿದಿರಬೇಕು. ನಮ್ಮ ಕಡೆ ಬರೇ ಹೆಸರು ಬರೆದುಕೊಂಡರೆ ಮನುಷ್ಯ ಯಾರೆಂದು ಗೊತ್ತಾಗುವುದಿಲ್ಲ. ಒಂದೇ ಹೆಸರಿನ ಶೆಟ್ಟರು ನಾಲ್ಕೈದು ಜನ, ಒಂದೇ ಹೆಸರಿನ ಡಿಸೋಜರು ಅಷ್ಟೇ ಜನ ಇರುತ್ತಾರೆ. ಹಾಗಾಗಿ ಸಿಸ್ಟರ್ ಪ್ರತಿಯೊಬ್ಬರ ವಿವರದ ಕೊನೆಗೆ ತನಗೆ ತಿಳಿಯುವ ಒಂದು ಗುರುತು ಹಾಕುತ್ತಿದ್ದರು. ‘ಮಸ್ಕತ್‌ನವರು.’ ‘ಸೊಸೆ ಕರೆದುಕೊಂಡು ಬರುವುದು.’ ‘ಸೂಜಿ ಕಂಡರೆ ಅಳು.’ ಇನ್ನಂಜೆಯಿಂದ ಒಂದೇ ಹೆಸರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಇಬ್ಬರು ಶೆಟ್ಟರು ಬರುತ್ತಿದ್ದರು. ಒಬ್ಬರ ಗುರುತು ‘ಮಾತು ಜಾಸ್ತಿ’. ಇನ್ನೊಬ್ಬರದು ‘ಮಾತಿಲ್ಲ, ರಕ್ತ ತೆಳು ಮಾಡುವ ಮಾತ್ರೆ’. ಎರಡನೆಯವರ ಹಲ್ಲು ಕೀಳುವ ಮೊದಲು ಡಾಕ್ಟರಿಗೆ ಆ ಮಾತ್ರೆಯ ವಿಷಯ ಗೊತ್ತಿರಬೇಕು, ಇಲ್ಲದಿದ್ದರೆ ರಕ್ತ ನಿಲ್ಲಿಸುವುದು ಕಷ್ಟವಾಗುತ್ತದೆ. ಆದ್ದರಿಂದ ಗುರುತು ಎಂಬುದು ಸಿಸ್ಟರ ತಮಾಷೆಯಲ್ಲ, ಬೇಕೇ ಬೇಕಾದದ್ದು.

ನಾನು ಪ್ರೋಗ್ರಾಮು ಕಟ್ಟಿದ್ದು ಹೀಗೆ. ಜಾವಾದಲ್ಲಿ ‘ರೋಗಿ’ ಎಂಬ ಒಂದು ಕ್ಲಾಸ್ ಮೊದಲೇ ಇತ್ತು. ಕ್ಲಾಸ್ ಎಂದರೆ ಅಚ್ಚು. ಹೆಸರು, ಊರು, ಗುರುತು, ಇವು ಆ ಅಚ್ಚಿನಲ್ಲಿ ಇರುವ ಖಾನೆಗಳು. ಮೂರಕ್ಕೂ ಪ್ರೈವೇಟ್ ಎಂಬ ಬೀಗ ಹಾಕಿತ್ತು. ಪ್ರೈವೇಟ್ ಎಂದರೆ ಆ ಕ್ಲಾಸಿನೊಳಗೆ ಬರೆದ ಸಾಲುಗಳು ಮಾತ್ರ ಆ ಖಾನೆಯನ್ನು ಹೆಸರು ಹಿಡಿದು ಮುಟ್ಟಬಹುದು. ‘ವಿವರ’ ಎಂಬ ಒಂದು ಕೆಲಸವೂ ಅದರಲ್ಲಿತ್ತು: ಖಾನೆಗಳಲ್ಲಿ ಇರುವುದನ್ನೆಲ್ಲ ಜೋಡಿಸಿ ಒಂದು ಸಾಲು ಮಾಡಿ ಕೊಡುವುದು. ಕೌಂಟರಿನ ಪರದೆಯ ಮೇಲೆ ಸಿಸ್ಟರಿಗೆ ಕಾಣುತ್ತಿದ್ದುದು ಅದೇ ಸಾಲು. ವಿವರಕ್ಕೆ ಪಬ್ಲಿಕ್ ಎಂದು ಬರೆದಿತ್ತು, ಅಂದರೆ ಯಾರು ಬೇಕಾದರೂ ಕೇಳಬಹುದು.

ಹೊಸದಾಗಿ ಎಲ್ಲ ಬರೆಯಲು ನನಗೆ ಸೋಮಾರಿತನ. ರೋಗಿ ಕ್ಲಾಸನ್ನು ಅಪ್ಪ ಮಾಡಿ ಅದಕ್ಕೆ ‘ಟೋಕನ್’ ಎಂಬ ಮಗನನ್ನು ಹುಟ್ಟಿಸಿದೆ. ಇದಕ್ಕೆ ಇನ್ಹೆರಿಟೆನ್ಸ್ ಎನ್ನುತ್ತಾರೆ. ಅಪ್ಪನಲ್ಲಿ ಇರುವುದೆಲ್ಲ ಮಗನಿಗೆ ಸುಮ್ಮನೆ ಬರುತ್ತದೆ, ನಾನು ಟೋಕನ್ ನಂಬರ್ ಒಂದು ಸೇರಿಸಿದರೆ ಸಾಕು. ಸ್ಪೀಕರು ಮೊದಲು ಆ ನಂಬರ್ ಓದುತ್ತದೆ, ಆಮೇಲೆ ಮಗನನ್ನು ‘ವಿವರ ಕೊಡು’ ಎಂದು ಕೇಳಿ ಅವನು ಕೊಟ್ಟದ್ದನ್ನು ಓದುತ್ತದೆ.

ಪರಿಶೀಲನೆಯ ದಿನ ಅಕ್ಕ ಒಂದೇ ಪ್ರಶ್ನೆ ಕೇಳಿದ್ದು. “ಈ ಗುರುತು ಹೊರಗೆ ಹೋಗುದಿಲ್ಲ ಅಲ್ವಾ?”

ನಾನು ಮಗನ ಕ್ಲಾಸಿನೊಳಗೆ ಹೋಗಿ ‘ಗುರುತು’ ಎಂದು ಟೈಪ್ ಮಾಡಿ ತೋರಿಸಿದೆ. ಕೆಳಗೆ ತಪ್ಪು ಎನ್ನುವ ಕೆಂಪು ಗೆರೆ ಬಂತು. ಅಪ್ಪನ ಪ್ರೈವೇಟ್ ಖಾನೆ, ಮಗನಿಗೂ ಮುಟ್ಟಲಿಕ್ಕೆ ಇಲ್ಲ. ಆಮೇಲೆ ಅವರದೇ ದನಿ ತೆಗೆದು, “ಆಗ್ತದೆ, ಆಗ್ತದೆ, ಪ್ರೈವೇಟ್ ಉಂಟು” ಎಂದೆ. ಅಕ್ಕ ನಕ್ಕು ಒಪ್ಪಿಗೆ ಹಾಕಿದರು. ಪರೀಕ್ಷೆಗೆ ನಾನು ಆಫೀಸಿನವರನ್ನೆಲ್ಲ ರೋಗಿಗಳನ್ನಾಗಿ ಮಾಡಿ ಕೂಗಿಸಿ ನೋಡಿದ್ದೆ. ಯಾರಿಗೂ ಗುರುತು ಬರೆದಿರಲಿಲ್ಲ. ಖಾಲಿ ಖಾನೆಯನ್ನು ವಿವರ ಬಿಟ್ಟುಬಿಡುತ್ತದೆ. ಹಾಗಾಗಿ ನಮ್ಮ ಕಿವಿಗೆ ಬಿದ್ದದ್ದು ನಂಬರ್, ಹೆಸರು, ಊರು ಮಾತ್ರ.

ಇನ್ನು ದನಿಯ ವಿಷಯ. ಈಗಿನ ಸಾಫ್ಟ್‌ವೇರಿಗೆ ಸ್ವಲ್ಪ ಹೊತ್ತು ಓದಿ ಕೇಳಿಸಿದರೆ ಅದೇ ದನಿಯಲ್ಲಿ ಏನು ಬೇಕಾದರೂ ಓದುತ್ತದೆ. ಕ್ಲಿನಿಕ್ಕಿಗೆ ಹೋಗಿ ಬಂದಾಗಲೇ ಸಿಸ್ಟರ ದನಿ ನನ್ನ ಗಂಟಲಿನಲ್ಲಿ ಕೂತಿತ್ತು. ಪ್ರತಿ ಹೆಸರಿನ ಕೊನೆಯನ್ನು ಸ್ವಲ್ಪ ಎಳೆದು, ಮೂಗಿನಿಂದ ಮುಗಿಸುವ ರೀತಿ. ಮೀಟಿಂಗ್ ರೂಮಿನ ಬಾಗಿಲು ಹಾಕಿ ಆ ದನಿಯಲ್ಲಿ ಓದಿದೆ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಕ್ಲಿನಿಕ್ಕಿನಲ್ಲಿ ಜೋಡಿಸಿದಾಗ ಡಾಕ್ಟರು, ನಮ್ಮ ಸಿಸ್ಟರ್ ಕರೆದ ಹಾಗೇ ಉಂಟಲ್ಲ ಎಂದರು. ಸಿಸ್ಟರಿಗೆ ಮಾತ್ರ ಹಾಗನಿಸಲಿಲ್ಲ. ಅವರವರ ದನಿ ಅವರವರಿಗೆ ಬೇರೆಯೇ ಕೇಳುತ್ತದೆ. ನಾನು, ಕಂಪ್ಯೂಟರಿನ ದನಿ ಸರ್, ಎಂದು ವೈರು ಸುತ್ತಿದೆ.

ಮಂಗಳವಾರ ಬೆಳಿಗ್ಗೆ ಮೊದಲು ಬಂದ ಕೆಲವರು ಹೊಸಬರು, ಗುರುತು ಇಲ್ಲದವರು. ಆಮೇಲೆ ಇನ್ನಂಜೆಯ ಮಾತಿನ ಶೆಟ್ಟರ ಸರದಿ. ಸ್ಪೀಕರು ನಂಬರ್ ಹೇಳಿತು, ಹೆಸರು ಹೇಳಿತು, ಇನ್ನಂಜೆ ಎಂದಿತು, ಒಂದು ಉಸಿರು ಬಿಟ್ಟು ಮೂಗಿನಲ್ಲಿ ಎಳೆದು ‘ಮಾತು ಜಾಸ್ತಿ’ ಎಂದಿತು. ರೂಮಿನಲ್ಲಿದ್ದವರು ನಕ್ಕರಂತೆ. ಶೆಟ್ಟರು ಕೌಂಟರಿನ ಕಡೆ ನೋಡಿದರೆ ಅಲ್ಲಿ ಸಿಸ್ಟರ್ ಇಲ್ಲ. ಅವರು ಒಳಗೆ ಯಾರದೋ ಬಾಯಿಗೆ ನೀರೆಳೆಯುವ ನಳಿಗೆ ಹಿಡಿದು ನಿಂತಿದ್ದರು. ಶೆಟ್ಟರ ಲೆಕ್ಕಕ್ಕೆ ಅದು ಇನ್ನೂ ಕೆಟ್ಟದಾಯಿತು: ಒಳಗೆ ಅಡಗಿ ಮೈಕು ಹಿಡಿದು ಅವಮಾನ ಮಾಡಿದ್ದಾರೆ. ಸಿಸ್ಟರ್ ತನ್ನ ಪಕ್ಕದಲ್ಲೇ ಇದ್ದರು ಎಂದು ಡಾಕ್ಟರು ಹೇಳಿದರೆ ಶೆಟ್ಟರು, ನೀವು ನಿಮ್ಮವರನ್ನು ಬಿಟ್ಟುಕೊಡುತ್ತೀರಾ ಎಂದರಂತೆ.

ಫೋನು ಬಂದಾಗ ಬನ್ಸು ಅಲ್ಲೇ ಬಿಟ್ಟು ಉಡುಪಿಗೆ ಇಳಿದು ಕಾಪುವಿನ ಬಸ್ಸು ಹಿಡಿದೆ. ನಾನು ಹೋಗುವಾಗ ಸಿಸ್ಟರ್ ಕೌಂಟರಿನ ಕೀಲಿಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟು ಹಿಂದಿನ ಕೋಣೆಯಲ್ಲಿ ಉಪಕರಣ ತೊಳೆಯುತ್ತಿದ್ದರು. ಅಷ್ಟು ವರ್ಷ ಅವರು ಆ ಊರಿನ ಜನರ ಬಾಯಿಯ ವಿಷಯ ಹೊರಗೆ ಬಿಟ್ಟವರಲ್ಲ. ಈಗ ಬಸ್ ಸ್ಟ್ಯಾಂಡಿನವರೆಗೂ ಸುದ್ದಿ ಹೋಗಿತ್ತು. ಡಾಕ್ಟರಿಗೆ ಅವರು ಹೇಳಿದ್ದನ್ನು ನನಗೂ ಹೇಳಿದರು, ದನಿ ಏರಿಸದೆ.

“ನಾನು ಹೇಳ್ಲಿಲ್ಲ ಅಂತ ಇದೇ ರೂಮಿನಲ್ಲಿ, ಶೆಟ್ರ ಎದುರಿಗೆ ಗೊತ್ತಾಗ್ಬೇಕು ಪುತಾ. ಶನಿವಾರ ಅವರ ಹಲ್ಲಿಗೆ ಕ್ಯಾಪ್ ಕೂರಿಸ್ಲಿಕ್ಕೆ ಉಂಟು. ಅವತ್ತೂ ಗೊತ್ತಾಗ್ಲಿಲ್ಲ ಅಂದ್ರೆ ಸೋಮವಾರದಿಂದ ನಾನು ಬರುದಿಲ್ಲ.”

ಕೊಂಕಣಿಯಲ್ಲಿ ಪುತಾ ಎಂದರೆ ಮಗನೇ. ಆ ಮಾತು ಕೇಳಿ ದನಿಯ ವಿಷಯ ಹೇಳಿಬಿಡಬೇಕು ಅನಿಸಿತು. ಆದರೆ ಮೊದಲು ಪ್ರೋಗ್ರಾಮು ಸರಿ ಮಾಡುವ ಎಂದುಕೊಂಡೆ. ಹೇಡಿಗಳಿಗೆ ಯಾವಾಗಲೂ ಮೊದಲು ಮಾಡಲು ಬೇರೆ ಕೆಲಸ ಇರುತ್ತದೆ.

ಕೌಂಟರಿನಲ್ಲಿ ಕುಳಿತು ಮೊದಲು ನೋಡಿದ್ದು ಗುರುತಿನ ಬೀಗ. ಪ್ರೈವೇಟ್ ಎಂದೇ ಇತ್ತು. ಹಾಗಾದರೆ ಇದು ಹೊರಗೆ ಬಂದದ್ದು ಹೇಗೆ? ಒಂದೊಂದೇ ಸಾಲು ನಡೆಸಿ ನೋಡಿದಾಗ ತಿಳಿಯಿತು. ಪ್ರೈವೇಟ್ ಖಾನೆ ಮಗನಿಗೆ ಕಾಣುವುದಿಲ್ಲ ಎಂದರೆ ಅದು ಮಗನೊಳಗೆ ಇಲ್ಲ ಎಂದಲ್ಲ. ಅಪ್ಪನ ಎಲ್ಲ ಖಾನೆಗಳೂ ಅವನ ಹೊಟ್ಟೆಯಲ್ಲಿ ಇವೆ, ಅವನಿಗೆ ಕೈ ಹಾಕಲು ಆಗುವುದಿಲ್ಲ ಅಷ್ಟೇ. ಆದರೆ ಅಪ್ಪ ಬರೆದ ‘ವಿವರ’ ಕೈ ಹಾಕಬಲ್ಲದು, ಮತ್ತು ಆ ವಿವರ ಪಬ್ಲಿಕ್ಕಾಗಿ ಮಗನಿಗೂ ಬಂದಿದೆ. ಸ್ಪೀಕರು ಮಗನನ್ನು ಕೇಳಿತು, ಅಪ್ಪನ ವಿವರ ಉತ್ತರ ಕೊಟ್ಟಿತು. ಪ್ರೈವೇಟ್ ಎಂಬುದು ಪ್ರೋಗ್ರಾಮು ಬರೆಯುವವನ ಕೈಗೆ ಹಾಕಿದ ಬೇಲಿ. ಊರಿನವರ ಕಿವಿಗೆ ಹಾಕಿದ್ದಲ್ಲ. ನಾನು ಅಕ್ಕನಿಗೆ ತೋರಿಸಿದ ಕೆಂಪು ಗೆರೆ ನಿಜವೇ. ಅವರು ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಅರ್ಥವಾಯಿತಲ್ಲ ಎಂಬ ಖುಷಿಯಲ್ಲಿ ಎರಡನೆಯ ತಪ್ಪು ಮಾಡಿದೆ. ಮಗ ಹುಟ್ಟಿದ ಕೂಡಲೇ ಗುರುತಿನ ಖಾನೆಯನ್ನು ಖಾಲಿ ಮಾಡಿಬಿಟ್ಟರೆ ವಿವರಕ್ಕೆ ಹೇಳಲು ಏನೂ ಇರುವುದಿಲ್ಲ. ಪ್ರೈವೇಟ್ ಇರುವವರೆಗೆ ಮಗ ಅದನ್ನು ಮುಟ್ಟುವಂತಿಲ್ಲ. ಸರಿ, ಬೀಗವನ್ನು ಪ್ರೊಟೆಕ್ಟೆಡ್ ಎಂದು ಬದಲಿಸಿದೆ, ಅಂದರೆ ಮಕ್ಕಳೂ ಮುಟ್ಟಬಹುದು. ಮಗ ಖಾನೆ ಖಾಲಿ ಮಾಡಿದ. ಕೂಗಿಸಿ ನೋಡಿದೆ: ನಂಬರ್, ಹೆಸರು, ಊರು, ಮೌನ. ಡಾಕ್ಟರಿಗೆ ಸರಿಯಾಯಿತು ಸರ್ ಎಂದು ಹೇಳಿ ಬಸ್ಸು ಹತ್ತಿದೆ.

ಮರುದಿನ ಮಧ್ಯಾಹ್ನದ ಮೊದಲು ಮತ್ತೆ ಡಾಕ್ಟರ ಫೋನು. ಈ ಸಲ ಅವರ ದನಿ ತಣ್ಣಗಿತ್ತು. ಇನ್ನಂಜೆಯ ಮಾತಿಲ್ಲದ ಶೆಟ್ಟರು ಹಿಂದಿನ ಸಂಜೆ ತೋರಿಸಿಕೊಂಡು ಹೋಗಿ ಈಗ ಹಲ್ಲು ಕೀಳಿಸಲು ಬಂದಿದ್ದಾರೆ. ಪರದೆಯಲ್ಲಿ ಅವರ ಗುರುತಿನ ಜಾಗ ಖಾಲಿ. ಡಾಕ್ಟರು ಯಾರಿಗೇ ಆಗಲಿ ಇಂಜೆಕ್ಷನ್ ಕೊಡುವ ಮೊದಲು ಏನಾದರೂ ಮಾತ್ರೆ ತಿನ್ನುತ್ತೀರಾ ಎಂದು ಕೇಳುತ್ತಾರೆ. ಇವರು ಹೂಂ ಎಂದರಂತೆ. ಅವರು ಎಲ್ಲದಕ್ಕೂ ಹೂಂ ಎನ್ನುವವರು. ಸಂಶಯ ಬಂದು ಮನೆಗೆ ಫೋನು ಮಾಡಿ ಕೇಳಿದ ಮೇಲೆ ಮಾತ್ರೆಯ ಹೆಸರು ಸಿಕ್ಕಿತು, ಅಂದು ಹಲ್ಲು ಕೀಳಲಿಲ್ಲ.

“ನಿನ್ನೆ ಅದು ಬಾಯಿಬಿಟ್ಟಿತು, ಇವತ್ತು ಅದಕ್ಕೆ ಮರೆವು ಬಂದಿದೆ,” ಎಂದರು ಡಾಕ್ಟರು. “ಸರಿ ಮಾಡ್ಲಿಕ್ಕೆ ಆಗುದಿಲ್ಲ ಅಂದ್ರೆ ಬಂದು ಬಿಚ್ಚಿಕೊಂಡು ಹೋಗಿ.”

ನಡೆದದ್ದು ಇಷ್ಟು. ರೋಗಿ ಒಳಗೆ ಹೋಗಿ ಬಂದ ಮೇಲೆ ಆ ದಿನದ ಭೇಟಿಯನ್ನು ಸೇವ್ ಮಾಡುವ ಕೆಲಸವೂ ಅಪ್ಪನಿಂದ ಮಗನಿಗೆ ಬಂದಿತ್ತು. ಮಗ ತನ್ನ ಖಾಲಿ ಖಾನೆಯ ಸಮೇತ ಸೇವ್ ಆದ. ನಾನು ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಿದ್ದಾಗ ಕ್ಲಿನಿಕ್ಕಿಗೆ ಬಂದ ಪ್ರತಿಯೊಬ್ಬರ ಗುರುತು ಅಳಿಸಿಹೋಗಿತ್ತು. ಮೊದಲ ತಪ್ಪಿನಿಂದ ಒಬ್ಬರ ಮರ್ಯಾದೆ ಹೋಯಿತು. ಇದರಿಂದ ಇನ್ನೊಬ್ಬರ ಜೀವಕ್ಕೆ ತೊಂದರೆಯಾಗುತ್ತಿತ್ತು. ಆ ದಿನ ನಾನು ಯಾರನ್ನೂ ಅಣಕಿಸಲಿಲ್ಲ. ಪಕ್ಕದ ಮೇಜಿನವನು ಬಂದು ಜ್ವರ ಬಂತಾ ಎಂದು ಕೇಳಿದ.

ಸೋಮವಾರದ ಬ್ಯಾಕಪ್ಪಿನಿಂದ ಗುರುತುಗಳನ್ನು ವಾಪಸು ತಂದೆವು. ಬೀಗವನ್ನು ಮತ್ತೆ ಪ್ರೈವೇಟ್ ಮಾಡಿದೆ. ಈ ಸಲ ಮಗನಿಗೆ ಅವನದೇ ಆದ ವಿವರ ಬರೆದುಕೊಟ್ಟೆ: ನಂಬರ್ ಆದ ಮೇಲೆ ಸುಮ್ಮನಿರು. ಮಗ ತನ್ನದೇ ವಿವರ ಇಟ್ಟುಕೊಂಡರೆ ಅಪ್ಪನದು ಮಾತಾಡುವುದಿಲ್ಲ. ಇದಕ್ಕೆ ಓವರ್‌ರೈಡ್ ಎನ್ನುತ್ತಾರೆ. ಸರಿಯಾಗಿ ನಡೆಯಿತು.

ಗುರುವಾರ ಬೆಳಿಗ್ಗೆ ನಾನು ಹಿರಿಯಡ್ಕದಲ್ಲಿ ಬಸ್ಸು ಹತ್ತಿದಾಗ ಅಕ್ಕ ಕಾರ್ಕಳದ ಕಡೆಯಿಂದ ಅದೇ ಬಸ್ಸಿನಲ್ಲಿ ಬರುತ್ತಿದ್ದರು. ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದ್ದನ್ನೆಲ್ಲ ಕೇಳಿದರು. ಕೊನೆಗೆ, ಮುಂದಿನ ತಿಂಗಳು ಕ್ಲಿನಿಕ್ಕಿನಿಂದ ರೋಗಿಗಳ ಫೋನಿಗೆ ‘ನಾಳೆ ಬನ್ನಿ’ ಎಂಬ ಮೆಸೇಜು ಹೋಗಬೇಕಲ್ಲ, ಅದು ಯಾರ ಮಗ ಎಂದು ಕೇಳಿದರು. ಅದನ್ನೂ ರೋಗಿಯ ಮಗನನ್ನಾಗಿಯೇ ಅರ್ಧ ಬರೆದಿಟ್ಟಿದ್ದೆ. ಅವನಿಗೆ ಬಾಯಿ ಮುಚ್ಚಿಸಲು ಮರೆತರೆ ಶೆಟ್ಟರ ಮೊಬೈಲಿಗೇ ‘ನಾಳೆ ಬನ್ನಿ, ಮಾತು ಜಾಸ್ತಿ’ ಎಂದು ಹೋಗುತ್ತದೆ. ಅವನ ಆಮೇಲಿನವನಿಗೂ ಯಾರಾದರೂ ನೆನಪಿಟ್ಟು ಬಾಯಿ ಮುಚ್ಚಿಸಬೇಕು.

“ಅಲ್ಲ ಮಾರಾಯ, ಟೋಕನ್ ಅಂದ್ರೆ ಒಬ್ಬ ರೋಗಿಯಾ?” ಎಂದರು ಅಕ್ಕ.

“ಅಲ್ಲ.”

“ಮತ್ತೆ ಅದನ್ನು ರೋಗಿಯ ಮಗ ಮಾಡಿದ್ದು ಯಾಕೆ?”

“ಬರೆದದ್ದು ಉಂಟಲ್ಲ, ಸುಮ್ಮನೆ ಸಿಗ್ತದಲ್ಲ ಅಂತ.”

ಮಣಿಪಾಲ ಬರುವುದರೊಳಗೆ ನಾನು ತೀರ್ಮಾನಿಸಿದ್ದೆ. ಓವರ್‌ರೈಡ್ ತೆಗೆದುಹಾಕಿ ಸಂಬಂಧವನ್ನೇ ಕಡಿಯುವುದು. ಟೋಕನ್‌ಗೆ ಅಪ್ಪ ಬೇಡ. ಅದಕ್ಕೆ ಎರಡೇ ಖಾನೆ: ನಂಬರ್ ಮತ್ತು ಹೋಗಬೇಕಾದ ರೂಮು. ಸ್ಪೀಕರಿನ ಕೈಗೆ ಅದನ್ನು ಮಾತ್ರ ಕೊಡುವುದು. ಗುರುತು ಅಲ್ಲಿ ಇಲ್ಲವೇ ಇಲ್ಲ ಎಂದಾದ ಮೇಲೆ ಅಡಗಿಸುವ ಪ್ರಶ್ನೆಯೂ ಇಲ್ಲ. ಉಳಿದ ವಿವರವೆಲ್ಲ ಕೌಂಟರಿನ ಪರದೆಗೆ. ಸುಮ್ಮನೆ ಸಿಗುತ್ತಿದ್ದದ್ದನ್ನು ಬಿಟ್ಟು ಎಲ್ಲ ಹೊಸದಾಗಿ ಬರೆಯಬೇಕು, ಗುರುವಾರ ಮತ್ತು ಶುಕ್ರವಾರ ಎರಡೂ ಅದಕ್ಕೇ ಹೋಯಿತು. ಪರೀಕ್ಷೆಗೆ ಈ ಸಲ ಆಫೀಸಿನ ಪ್ರತಿಯೊಬ್ಬರಿಗೂ ಒಂದೊಂದು ಕೆಟ್ಟ ಗುರುತು ಬರೆದೆ. ನನ್ನದನ್ನು ಅಕ್ಕ ಬರೆದರು. ‘ಕೇಳಿದ್ದಕ್ಕೆ ಉತ್ತರ ಇಲ್ಲ, ಕೇಳದ್ದಕ್ಕೆಲ್ಲ ಉಂಟು.’ ಸ್ಪೀಕರು ಯಾವುದನ್ನೂ ಹೇಳಲಿಲ್ಲ.

ದನಿಯ ವಿಷಯವನ್ನು ಅದೇ ಬಸ್ಸಿನಲ್ಲಿ ಅಕ್ಕನಿಗೆ ಹೇಳಿದ್ದೆ. ಅವರು ನಗಲಿಲ್ಲ. ಶುಕ್ರವಾರ ಸಂಜೆಯೇ ಹೋಗಿ ಸಿಸ್ಟರಿಗೆ ಹೇಳು ಎಂದರು. ಹಿಂದಿನ ಕೋಣೆಯಲ್ಲಿ ನಿಂತು ಹೇಳಿದೆ. ಸಿಸ್ಟರ್ ಕೈ ಒರೆಸಿಕೊಂಡು, ಹಾಗಾದರೆ ಮಾಡಿ ತೋರಿಸು ಎಂದರು. ಮಾಡಿದೆ.

“ನಾನು ಹೀಗೆ ಮೂಗಿನಲ್ಲಿ ಮಾತಾಡುದಾ?”

ಸ್ವಲ್ಪ, ಎಂದೆ. ಕೇಳದೆ ತೆಗೆದುಕೊಂಡದ್ದು ತಪ್ಪು ಎಂದೂ ಹೇಳಿದೆ. ಅವರು ಕ್ಷಮಿಸಿದೆ ಎನ್ನಲಿಲ್ಲ. ನಾಳೆ ಇದನ್ನೇ ಹೊರಗೆ ನಿಂತು ಮಾಡು ಎಂದರು. ಆ ದನಿಯನ್ನು ಅವರೆದುರೇ ಕಂಪ್ಯೂಟರಿನಿಂದ ಅಳಿಸಿ, ಸಾಫ್ಟ್‌ವೇರಿನ ಜೊತೆಗೆ ಬರುವ, ಯಾವ ಊರಿನದೂ ಅಲ್ಲದ ಒಂದು ದನಿ ಹಾಕಿದೆ.

ಶನಿವಾರ ಮಾತಿನ ಶೆಟ್ಟರು ಬಂದರು. ಕ್ಯಾಪ್ ಕೂರಿಸಲು ಅಲ್ಲ, ಇನ್ನು ಇಲ್ಲಿಗೆ ಬರುವುದಿಲ್ಲ ಎಂದು ಎಲ್ಲರ ಎದುರು ಹೇಳಿಹೋಗಲು ಎಂದು ಬಾಗಿಲಿನಲ್ಲೇ ಹೇಳಿದರು. ಆದರೂ ಟೋಕನ್ ತೆಗೆದುಕೊಂಡರು. ಡಾಕ್ಟರು ಹೊರಗೆ ಬಂದು ನನ್ನನ್ನು ತೋರಿಸಿ, ಇವನು ನಿಮ್ಮ ಹತ್ತಿರ ಮಾತಾಡಬೇಕಂತೆ ಎಂದು ಹೇಳಿ ಒಳಗೆ ಹೋದರು. ನಾನು ನಡೆದದ್ದನ್ನು ಹೇಳಿದೆ, ಅಪ್ಪ ಮಗ ಎಲ್ಲ ಬಿಟ್ಟು. ಕೂಗಿದ್ದು ಯಂತ್ರ, ದನಿ ನಾನು ಕದ್ದದ್ದು, ಸಿಸ್ಟರ್ ಒಳಗೆ ಕೆಲಸದಲ್ಲಿದ್ದರು. ಶೆಟ್ಟರು ನಂಬಲಿಲ್ಲ. ಆಗ ಗೋಡೆಯ ಕಡೆ ತಿರುಗಿ ನಿಂತು ಸಿಸ್ಟರ ದನಿಯಲ್ಲಿ ನನ್ನದೇ ಹೆಸರು ಕರೆದು, “ಹಿರಿಯಡ್ಕ, ಬುದ್ಧಿ ಕಡಿಮೆ” ಎಂದೆ. ಬೆಂಚಿನಲ್ಲಿದ್ದ ಒಂದಿಬ್ಬರು ಕೌಂಟರಿನ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದರು.

ದನಿ ಇವನದೇ ಎಂದು ಶೆಟ್ಟರು ಒಪ್ಪಿದರು. ಆ ಹೆಂಗಸನ್ನು ಅಂದದ್ದು ತಪ್ಪಾಯಿತು ಎಂದೂ ಹೇಳಿದರು, ಎಲ್ಲರಿಗೂ ಕೇಳುವ ಹಾಗೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಯಂತ್ರ ತಾನಾಗಿ ಬರೆಯುವುದಿಲ್ಲವಲ್ಲ, ಮಾತು ಜಾಸ್ತಿ ಎಂದು ಬರೆದವರು ಯಾರು ಎಂದು ಪಟ್ಟು ಹಿಡಿದರು. ತಾನು ಮುಂಬೈಯಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಎದುರು ಕುಳಿತಿದ್ದಾಗ ಗಿರಾಕಿಗಳು ತನ್ನ ದನಿಯೇ ಕೇಳಿದವರಲ್ಲ ಎಂದರು. ಅಲ್ಲಿಂದ ಆ ಹೋಟೆಲಿನ ಇಡ್ಲಿಗೆ ಹೋದರು, ಇಡ್ಲಿಯಿಂದ ಈಗಿನ ಅಕ್ಕಿಗೆ. ಈ ಮಧ್ಯೆ ಸ್ಪೀಕರು ತನ್ನ ಕೆಲಸ ಮಾಡುತ್ತಿತ್ತು. ಟೋಕನ್ ಒಂಬತ್ತು, ರೂಮ್ ಒಂದು. ಒಬ್ಬ ಹುಡುಗಿ ಎದ್ದು ಹೋದಳು. ಟೋಕನ್ ಹತ್ತು, ರೂಮ್ ಎರಡು. ಯಾರೂ ಏಳಲಿಲ್ಲ. ಶೆಟ್ಟರು ಇನ್ನಂಜೆಯ ಶಾಲೆಯ ಸಮಿತಿಯಲ್ಲಿ ತಾನೇ ಮಾತಾಡಬೇಕೆಂದು ಜನ ಹೇಗೆ ಒತ್ತಾಯ ಮಾಡುತ್ತಾರೆ, ತಾನು ಹೇಗೆ ಎರಡೇ ಮಾತಿನಲ್ಲಿ ಮುಗಿಸುತ್ತೇನೆ ಎಂಬುದನ್ನು ಮೊದಲಿನಿಂದ ವಿವರಿಸುತ್ತಿದ್ದರು. ಟೋಕನ್ ಹನ್ನೊಂದು, ರೂಮ್ ಒಂದು. ಒಬ್ಬ ಮುದುಕರು ಕೋಲೂರಿ ಒಳಗೆ ಹೋದರು.

ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಸಿಸ್ಟರ್ ಬಂದು, ಡಾಕ್ಟರ ಮೇಜಿನ ಮೇಲಿದ್ದ ಕೀಲಿ ತೆಗೆದುಕೊಂಡು, ಕೌಂಟರಿನ ಕುರ್ಚಿ ಎಳೆದು ಕುಳಿತರು. ಕನ್ನಡಕ ಹಾಕಿಕೊಂಡು ಪರದೆ ನೋಡಿದರು. ಆಮೇಲೆ ಶೆಟ್ಟರ ಕಡೆ ತಿರುಗಿದರು.

“ಬರೆದದ್ದು ನಾನೇ ಶೆಟ್ರೇ. ಅದು ಸುಳ್ಳು ಅಂತ ನೀವು ಹೇಳ್ಲಿಕ್ಕೆ ಶುರು ಮಾಡಿದ ಮೇಲೆ ಮೂರು ಟೋಕನ್ ಹೋಯ್ತು, ಅದರಲ್ಲಿ ಒಂದು ನಿಮ್ಮದು.”